ಮೂರನೇ ಲೈನರು

ಡಿಪ್‌ಸ್ಟಿಕ್ ಎಳದ್ನಿ.
ಕರಿ ಎಣ್ಣಿ ಬರೂವಲ್ಲಿ
ಹಾಲು ಹೆಚ್ಚಾದ ಚಾ ಬಂತು.
ಬೆರಳಿಗೆ ಹಚ್ಚಿ ಮೂಸಿದ್ನಿ: ಕೂಲೆಂಟಿನ ಸೀ ವಾಸನಿ.
ಯಮನಪ್ಪ ನನ್ನ ಮಾರಿ ನೋಡಿದ.
ನಾನು ಆ ಕಡ್ಡೀ ಮಾರಿ ನೋಡ್ಕೋಂತ ನಿಂತ್ನಿ.

ಇಳಕಲ್ಲಿನ ಕೆಂಪು ಕಲ್ಲು ಹೊರೂ ಗಾಡಿ.
ಹದಿನೆಂಟು ದಿನದ ಹಿಂದ, ಹುನಗುಂದ ರಸ್ತಾದ ಇದ ಶೆಡ್ಡಿನ್ಯಾಗ
ಈ ಎಂಜಿನ್ನು ನಾನ ಕಟ್ಟಿ ಕೊಟ್ಟಿದ್ನಿ.
ಆರು ಲೈನರು, ಆರು ಪಿಸ್ಟನ್ನು, ಬೇರಿಂಗು, ಎಲ್ಲಾ ಹೊಸಾವು.
ಚಾಲೂ ಎಂಜಿನ್ನಿನ ತಲೀ ಮ್ಯಾಲ ಐದ್ರೂಪಾಯಿ ಬಿಲ್ಲಿ
ಅಂಚಿನ ಮ್ಯಾಲ ನಿಂದರ್ಸಿ ತೋರ್ಸಿದ್ನಿ.
ಬೀಳಲಿಲ್ಲ.
ಆ ಬಿಲ್ಲಿ ಯಮನಪ್ಪ ನನಗ ಬಿಟ್ಟು ಹೋಗಿದ್ದ, ಖುಷೀಲೆ.

ಕೂಡಿ ಬಾಳದವರಿಗೆ ಎಣ್ಣಿ ಸೀಗಿಕಾಯಿ ಅಂತಾರ.
ಎಣ್ಣಿ ನೀರಿಗೆ ಹಂಗ ಅನ್ನಾಕ ಬರಂಗಿಲ್ಲ.
ಕ್ರ್ಯಾಂಕು ಕಡಗೋಲಾತಂದ್ರ ಎರಡೂ ಕೂಡಿ ಬಿಡ್ತಾವ,
ಬೆಣ್ಣಿ ಮಾತ್ರ ಬರಂಗಿಲ್ಲ,
ಬೇರಿಂಗು ತಿಂದು ಸುಮ್ಮನಾಗ್ತಾವ.

"ಹೆಡ್ ಗ್ಯಾಸ್ಕೆಟ್ಟ ಬಿಡೋ" ಅಂದ ಬಾಜೂ ಲೇತಿನ ಗುರುಶಾಂತ.
ನನಗೂ ಅದ ಆಗಿರಲಿ ಅನಿಸಿತ್ತು.
ಹೆಡ್ಡು ತಾಸಿದ್ದು ಹುಬ್ಬಳ್ಳ್ಯಾಗ.
ತಪ್ಪು ಹುಬ್ಬಳ್ಳೀದಾದ್ರ ರಾತ್ರಿ ನಿದ್ದಿ ಬರ್ತೈತಿ.

ರೇಡಿಯೇಟರಿನ ಮುಚ್ಚಳ ತಗದು ಸೆಲ್ಫ್ ಹೊಡಸಿದ್ನಿ.
ಅರ್ಧ ನಿಮಿಷ, ಅಷ್ಟ. ಒಂದು ಗುಳ್ಳಿ ಏಳಲಿಲ್ಲ.
ನೀರಿನ ಮ್ಯಾಲ ಎಣ್ಣೀ ಕಣ್ಣೂ ಇಲ್ಲ.
ನೀರು ಎಣ್ಣೀ ಮನಿಗೆ ಹೋಗೇತಿ,
ಎಣ್ಣಿ ನೀರಿನ ಮನಿಗೆ ಬಂದಿಲ್ಲ.
ಹುಬ್ಬಳ್ಳಿ ಕೈ ಬಿಡ್ತು.

ಆಯಿಲ್ ಕೂಲರು ಬಿಚ್ಚಿ, ಬಾಯಿ ಕಟ್ಟಿ, ಗಾಳಿ ತುಂಬಿ
ಬಕೀಟಿನ ನೀರಾಗ ಮುಳುಗಿಸಿದ್ನಿ.
ಏನೂ ಗೊತ್ತಿಲ್ಲದ ಸಾಕ್ಷಿದಾರನಂಗ
ಸುಮ್ಮನ ಕುಂತು ಬಿಡ್ತು.

ಕಡೀಕ ಚೇಂಬರ್ ಇಳಿಸಿ
ರೇಡಿಯೇಟರಿಗೆ ಕೈಪಂಪಿನ ಗಾಳಿ ಕೊಟ್ಟು, ಮುಳ್ಳು ಹದಿನೈದಕ್ಕ ನಿಲ್ಲಿಸಿ,
ಅಮೀನಗಡದ ಕರದಂಟಿನ ರಟ್ಟಿನ ಡಬ್ಬಿ ಹರದು
ಕೆಳಗ ಹಾಸಿದ್ನಿ. ಹುಡುಗ ರಮಜಾನ್ ಅದರ ಮ್ಯಾಲ
ಆರು ಸುತ್ತು ಬರದ, ಒಂದರಿಂದ ಆರು.
ಇನ್ನ ಮಾಡೂದೇನಿಲ್ಲ. ಕಾಯೂದು.
ರಾತ್ರಿ ಒಂದರ ತನಕ ಟಾರ್ಚ್ ಹಿಡದು ಮಕ್ಕೊಂಡ್ನಿ ಗಾಡೀ ಬುಡಕ.
ರಸ್ತಾದ ಮ್ಯಾಲ ಕಲ್ಲಿನ ಗಾಡಿ ಹಾದಾಗೆಲ್ಲಾ
ನೆಲಾ ಬೆನ್ನಿಗೆ ಏನೋ ಹೇಳ್ತಿತ್ತು.

ಮುಂಜಾನೆ ಮುಳ್ಳು ಒಂಬತ್ತಕ್ಕ ಇಳದಿತ್ತು.
ರಟ್ಟಿನ ಮ್ಯಾಲ ಮೂರರ ಸುತ್ತು ಹಸಿ.
ಮ್ಯಾಲ ನೋಡಿದ್ರ, ಮೂರನೇ ಲೈನರಿನ ಹೊರಗಡೀಲೆ
ಒಂದು ಹಸರು ಹನಿ, ಬೀಳಲೋ ಬ್ಯಾಡೋ ಅಂತ.

ಉಸ್ತಾದ್ ಇಮಾಮಸಾಬರು ಹೇಳ್ತಿದ್ರು:
ರಿಂಗಿಗೆ ಸಾಬೂನ ನೀರು ಹಚ್ಚು, ಲೈನರು ಅಂಗೈಲೆ ಒತ್ತು,
ಸುತ್ತಿಗಿ ಕೇಳ್ತಂದ್ರ ನಿಲ್ಲು.
ಅಂಗೈಗೆ ಗೊತ್ತಾಗ್ತೈತಿ.
ಗೊತ್ತಾಗಿತ್ತು.
ಆವತ್ತು ಸಂಜೀಕ ಕರೆಂಟ್ ಹೋಗಿತ್ತು, ಕ್ವಾರಿಯಿಂದ ಫೋನ್ ಮ್ಯಾಲ ಫೋನು,
ಎರಡು ಲೈನರು ಬೆಣ್ಯಾಗಿನ ಕೂದಲಾಗಿ ಇಳದಿದ್ವು.
ಮೂರನೇದ್ದು ಚೂರು ಬಿಗಿ ಅಂತು.
ಕಟಗೀ ತುಂಡು ಇಟ್ಟು
ಒಂದ ಏಟು. ಒಂದ.

ಲೈನರು ಜಗ್ಗಿ ತಗದಾಗ ಕರಿ ರಿಂಗು ಹೊರಗ ಬಂತು.
ಒಂದು ಕಡೆ ಉಗುರು ಕಡದಷ್ಟು ಕಡದಿತ್ತು.
ಯಮನಪ್ಪ ಬೆಳಕಿಗೆ ಹಿಡದು ನೋಡಿ
"ಇಷ್ಟ?" ಅಂದ.
"ಇಷ್ಟ" ಅಂದ್ನಿ. "ನನ್ನ ಕೈಲೇ ಆಗೇತಿ.
ಬೇರಿಂಗು, ಎಣ್ಣಿ, ಮಜೂರಿ ಎಲ್ಲಾ ನಂದು.
ನಿನ್ನ ದಿನಾ ತುಂಬಿ ಕೊಡಾಕ ಮಾತ್ರ ನನ್ನ ಕಡೆ ಇಲ್ಲ."

ಅವ ಏನೂ ಅನ್ನಲಿಲ್ಲ. ರಿಂಗು ಬಳೀಗತೆ
ಮುಂಗೈಗೆ ಏರಿಸಿಕೊಂಡು ಚಾ ಹೇಳಾಕ ಹೋದ.
ಹೊಸಾ ಲೈನರಿಗೆ ನಾನು ಸಾಬೂನ ನೀರು ಹಚ್ಚಿ
ರಮಜಾನನ ಅಂಗೈ ಅದರ ಮ್ಯಾಲ ಇಟ್ಟು
ಒತ್ತು, ಅಂದ್ನಿ. ಅವ ಒತ್ತಿದ.
ಅರ್ಧಕ್ಕ ಕೈ ತಗದು ನನ್ನ ನೋಡಿದ:
"ಕಾಕಾ, ಏನೋ ಅಂತೈತಿ."
ಸುತ್ತಿಗಿ ಕಾಲಿಲೆ ದೂರ ಸರಿಸಿ
"ಮತ್ತ ತಗಿ" ಅಂದ್ನಿ.